ಕೈ ಕಟ್ಟು, ಬಾಯಿ ಮುಚ್ಚು!

ಮಾತಾಡಿ ಸಂಬಳ ತಗೊಳ್ಳೋನು ನಾನು. ನಮ್ಮ ಸ್ಟುಡಿಯೋದಲ್ಲಿ ನಾಲ್ಕು ಜನ ಒಟ್ಟಿಗೆ ಕೂಗಿದರೆ ಅದಕ್ಕೆ ಚರ್ಚೆ ಅಂತ ಹೆಸರು. ಮೂರು ವರ್ಷದ ಮಗು ಬಾಯಿ ತೆಗೆದರೆ ಮಾತ್ರ ಗಲಾಟೆ! 'ಕೈ ಕಟ್ಟು, ಬಾಯಿ ಮುಚ್ಚು' ಅಂತೀವಿ.

ಅಂಗನವಾಡಿ ಶುರುವಾಗಿದ್ದು 1975ರಲ್ಲಿ. ಮಗುವಿನ ತೂಕ, ಎತ್ತರ, ಊಟ ಎಲ್ಲಕ್ಕೂ ಲೆಕ್ಕವಿದೆ. ಈಗಂತೂ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ತುಂಬಬೇಕು. ಇವತ್ತು ಮಗು ಏನು ಮಾತಾಡಿತು ಅಂತ ಯಾರೂ ಕೇಳಲ್ಲ.

ಈ ಸೀಮೆಯ ಸಂಗತಿ ಇನ್ನೂ ಬೇರೆ. ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ. ತುಂಗಭದ್ರಾ ಎಡದಂಡೆ ಕಾಲುವೆಯ ಹಿಂದೆ ಬಂದ ಕ್ಯಾಂಪುಗಳಲ್ಲಿ ತೆಲುಗು. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ. ಈ ಮಕ್ಕಳು ಕನ್ನಡದ ನಡುವೆ ಬಂದು ಕೂತಾಗ ಕೆಲವು ತಿಂಗಳು ತುಟಿ ಬಿಚ್ಚದೇ ಇರಬಹುದು. ಅದು ದಡ್ಡತನ ಅಲ್ಲ ಸ್ವಾಮಿ, ಕಿವಿ ಕೆಲಸ ಮಾಡ್ತಿರೋ ಕಾಲ. ನೀರು ಬೇಕು ಅಂತ ತನ್ನ ಮಾತಿನಲ್ಲೇ ಕೇಳಿದರೂ ಕೊಡಿ. ಕೊಡುವಾಗ ಕನ್ನಡದಲ್ಲಿ ಹೇಳಿ.

ಮಗು 'ಎಮ್ಮಿ' ಅಂದರೆ, 'ಹೌದು, ಎಮ್ಮಿ ನೀರು ಕುಡ್ಯಾಕತ್ತೈತಿ' ಅನ್ನಿ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯಿರಿ, ಉತ್ತರ ನೀವೇ ಹೇಳಿಬಿಡಬೇಡಿ. (ಕಾಯೋದು ನನಗೂ ಬರಲ್ಲ, ನಮ್ಮ ಅತಿಥಿಗಳನ್ನು ಕೇಳಿ.)

ಆದರೆ ಮನೆಯಲ್ಲೂ ಮಾತಿಲ್ಲ, ಎರಡು ವರ್ಷ ದಾಟಿದರೂ ಎರಡು ಪದ ಜೋಡಿಸಲ್ಲ, ಕರೆದರೆ ತಿರುಗಲ್ಲ ಅಂದರೆ ಕಾಯಬೇಡಿ. 'ಅವರಪ್ಪನೂ ತಡವಾಗೇ ಮಾತಾಡಿದ್ದು' ಅನ್ನೋ ಅಜ್ಜಿಯ ಸಮಾಧಾನ ಬೇಡ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಬಂದ ದಿನ ಆ ಮಗುವನ್ನು ಮೊದಲು ಕೂರಿಸಿ. ತಡ ಅನ್ನಿಸಿದರೆ ರಾಯಚೂರಿನ ಬಸ್ಸು ಹತ್ತಿ, ಕಿವಿ ಪರೀಕ್ಷೆ ಮಾಡಿಸಿ.