ಡೈವೋರ್ಸ್ ಅನ್ನುವ ಮಾತು: ಯಾರು ಕೊಡುವುದು, ಯಾರು ಪಡೆಯುವುದು?

(ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘದ ಸಭೆ ಅಂದರೆ ಉಳಿತಾಯ, ಸಾಲ, ಬಡ್ಡಿ ಇವುಗಳ ಲೆಕ್ಕ. ಇವತ್ತು ಒಂದು ಮಾತಿನ ಲೆಕ್ಕ ಹಾಕೋಣ. ಆ ಮಾತು ಇಂಗ್ಲಿಷಿನದು. ಆದರೆ ಓದು ಬರಹ ಬಾರದ ಅಜ್ಜಿಗೂ ಅದು ಗೊತ್ತು. ಡೈವೋರ್ಸ್. ನಮ್ಮ ಊರುಗಳಲ್ಲಿ 'ಡೈವರ್ಸ್' ಅಂತಾರೆ. ಈ ಒಂದು ಮಾತನ್ನು ತಪ್ಪಾಗಿ ತಿಳಿದುಕೊಂಡಿದ್ದರಿಂದ ಎಷ್ಟೋ ಹೆಣ್ಣುಮಕ್ಕಳು ಮನೆ, ಒಡವೆ, ಜೀವನಾಂಶ ಮೂರನ್ನೂ ಕಳೆದುಕೊಂಡಿದ್ದಾರೆ. ಅದಕ್ಕೇ ಈ ವಿಷಯ ಎತ್ತಿಕೊಂಡಿದ್ದೇನೆ.

ಈ ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಬೇರೆ ಬೇರೆ ದಿಕ್ಕಿಗೆ ತಿರುಗುವುದು ಎಂದು ಅದರ ಅರ್ಥ. ದಾರಿ ಕವಲೊಡೆಯುವ ಜಾಗಕ್ಕೂ ಆ ಭಾಷೆಯಲ್ಲಿ ಅದೇ ಶಬ್ದವಿತ್ತು. ಅಂದರೆ ಇಬ್ಬರು ಒಂದು ಕಡೆಯಿಂದ ಎರಡು ದಾರಿ ಹಿಡಿಯುವುದು. ಆ ಶಬ್ದದಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ ಎಂಬುದಿಲ್ಲ. ನಮ್ಮಲ್ಲಿಗೆ ಬಂದ ಮೇಲೆ ಅದಕ್ಕೊಂದು ಬಾಲ ಅಂಟಿಕೊಂಡಿತು: 'ಕೊಡು'. "ನಿನಗ ಡೈವರ್ಸ್ ಕೊಡ್ತೀನಿ, ನಡಿ ತವರಿಗೆ" ಅನ್ನುತ್ತಾನೆ ಗಂಡ. ಕೊಡುವವನು ಅವನು, ತೆಗೆದುಕೊಳ್ಳುವವಳು ಇವಳು. ಇದು ನಮ್ಮ ಹಳೆಯ 'ಸೋಡಚೀಟಿ'ಯ ಬುದ್ಧಿ. ಮರಾಠಿಯಲ್ಲಿ 'ಸೋಡ್' ಅಂದರೆ ಬಿಡು. ಬಿಟ್ಟೆನೆಂದು ಬರೆದುಕೊಡುವ ಚೀಟಿ ಅದು. ಹೊಸ ಇಂಗ್ಲಿಷ್ ಶಬ್ದ ಬಂತು, ಅದರೊಳಗೆ ಹಳೆಯ ಚೀಟಿಯೇ ಕೂತಿತು.

ಕಾನೂನಿನ ಪ್ರಕಾರ ಡೈವೋರ್ಸ್ ಅನ್ನು ಗಂಡ ಕೊಡುವುದಲ್ಲ. ಅದು ಕೋರ್ಟಿನ ಆದೇಶ. 1955ರ ಹಿಂದೂ ವಿವಾಹ ಕಾಯ್ದೆಯಡಿ ಗಂಡನೂ ಕೇಳಬಹುದು, ಹೆಂಡತಿಯೂ ಕೇಳಬಹುದು. ಕ್ರೌರ್ಯ, ಎರಡು ವರ್ಷ ತೊರೆದಿರುವುದು, ಪರಸಂಗ ಮುಂತಾದ ಕಾರಣಗಳನ್ನು ತೋರಿಸಬೇಕು. ಇಬ್ಬರೂ ಒಪ್ಪಿ ಕೇಳುವ ದಾರಿ 1976ರ ತಿದ್ದುಪಡಿಯಲ್ಲಿ ಬಂತು. ಅದಕ್ಕೂ ಒಂದು ವರ್ಷ ಬೇರೆ ಇದ್ದಿರಬೇಕು, ಇಬ್ಬರೂ ಕೋರ್ಟಿನ ಮುಂದೆ ನಿಂತು ಹೇಳಬೇಕು. ಹೆಂಡತಿ ತಾನು ಈಗ ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. 2003ರಿಂದ ಈ ಅನುಕೂಲವಿದೆ. ಗಂಡನ ಊರಿಗೆ ಅಲೆಯಬೇಕಿಲ್ಲ.

ಹಾಗಾದರೆ ಊರ ಹಿರಿಯರು ಕೂತು ಬಾಂಡ್ ಪೇಪರಿನ ಮೇಲೆ ಬರೆಸಿ, ಇಬ್ಬರ ಹೆಬ್ಬೆಟ್ಟು ಒತ್ತಿಸಿ, ನೋಟರಿ ಸೀಲು ಹಾಕಿಸುವ ಕಾಗದ ಏನು? ಸೀಲು ಎಷ್ಟು ದೊಡ್ಡದಿದ್ದರೂ ಅಷ್ಟರಿಂದಲೇ ಅದು ಡೈವೋರ್ಸ್ ಆಗುವುದಿಲ್ಲ. ಕಾಯ್ದೆ ಒಂದು ಬಾಗಿಲು ಬಿಟ್ಟಿದೆ ನಿಜ: ಒಂದು ಜಾತಿಯಲ್ಲಿ ಹಿಂದಿನಿಂದ ಬಿಡುಗಡೆಯ ರೂಢಿ ಇದ್ದರೆ ಅದನ್ನು ಮಾನ್ಯ ಮಾಡುತ್ತದೆ. ಆದರೆ ಅಂಥ ರೂಢಿ ಇದೆಯೆಂದು ಹೇಳುವವರೇ ಅದನ್ನು ಕೋರ್ಟಿನಲ್ಲಿ ಸಾಕ್ಷಿ ಸಮೇತ ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಸ್ಪಷ್ಟಪಡಿಸಿದೆ. ವಾಲ್ಮೀಕಿ ನಾಯಕರಂಥ ಪರಿಶಿಷ್ಟ ಪಂಗಡದ ಅಕ್ಕಂದಿರು ಇಲ್ಲಿ ಬಹಳ ಇದ್ದೀರಿ. ಹಿಂದೂ ವಿವಾಹ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ, ಅವರ ರೂಢಿಯೇ ನಡೆಯುತ್ತದೆ. ಆದರೆ ಜೀವನಾಂಶದ ಕಾನೂನು, ಕೌಟುಂಬಿಕ ಹಿಂಸೆಯ ಕಾನೂನು ಎಲ್ಲ ಜಾತಿ ಧರ್ಮದ ಹೆಂಗಸರಿಗೂ ಸೇರಿದ್ದು. ಅದನ್ನು ಮರೆಯಬೇಡಿ.

ಚೀಟಿ ನಂಬಿದರೆ ಏನಾಗುತ್ತದೆ ನೋಡಿ. ಗಂಡ ಇನ್ನೊಬ್ಬಳನ್ನು ಮದುವೆ ಆಗುತ್ತಾನೆ. ಮೊದಲ ಮದುವೆ ಕಾನೂನಿನಲ್ಲಿ ಹಾಗೇ ನಿಂತಿರುತ್ತದೆ. ಎರಡನೆಯವಳು, ಆಕೆಯೂ ನಮ್ಮಂಥ ಹೆಣ್ಣೇ, ಹೆಂಡತಿಯ ಹಕ್ಕಿಲ್ಲದೆ ನಿಲ್ಲುತ್ತಾಳೆ. ಅದೇ ಚೀಟಿ ನಂಬಿ ಹೆಣ್ಣುಮಗಳು ಉಡಿಕಿ ಆದರೆ ನಾಳೆ ಆ ಮನೆಯಲ್ಲಿ ಜಗಳ ಬಂದಾಗ "ನಮ್ಮದು ಮದುವೆಯೇ ಅಲ್ಲ" ಅನ್ನುತ್ತಾರೆ. ಎರಡೂ ಕಡೆ ಪೆಟ್ಟು ತಿನ್ನುವವರು ಹೆಂಗಸರೇ.

ಇನ್ನು ಆ ಕಾಗದದ ಒಳಗೆ ಬರೆಯುವ ಒಂದು ಸಾಲಿನ ಬಗ್ಗೆ ಹೇಳುತ್ತೇನೆ. ದಯವಿಟ್ಟು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. "ನಾವಿಬ್ಬರೂ ಸ್ವಂತ ಖುಷಿಯಿಂದ ಒಪ್ಪಿ ಬೇರೆ ಇರುತ್ತೇವೆ" ಎಂದು ಬರೆಸುತ್ತಾರೆ. ಓದಿದರೆ ಮರ್ಯಾದೆಯ ಮಾತಿನಂತೆ ಕಾಣುತ್ತದೆ. ಜೀವನಾಂಶದ ಕಾನೂನು, ಹಿಂದೆ 125ನೇ ಕಲಂ ಅನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಪರಸ್ಪರ ಒಪ್ಪಿಗೆಯಿಂದ ಬೇರೆ ಇರುವ ಹೆಂಡತಿಗೆ ಜೀವನಾಂಶ ಇಲ್ಲ ಎಂದು ಅದರಲ್ಲಿದೆ. ಹೊಡೆತ ತಾಳದೆ, ವರದಕ್ಷಿಣೆ ಕಾಟ ತಾಳದೆ ಹೊರಗೆ ಬಂದವಳು ಒಪ್ಪಿ ಬಂದವಳಲ್ಲ. ಆದರೆ ಈ ಸಾಲಿಗೆ ಹೆಬ್ಬೆಟ್ಟು ಒತ್ತಿದಳೆಂದರೆ ಗಂಡನ ವಕೀಲರು ಅದನ್ನೇ ಹಿಡಿದುಕೊಂಡು ವಾದ ಮಾಡುತ್ತಾರೆ.

ಇದರ ಎದುರಿಗೆ ಇನ್ನೊಂದು ವಿಷಯ ಇಡುತ್ತೇನೆ. ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಡೈವೋರ್ಸ್ ಪಡೆದವಳಿಗೆ ಈ ಅಡ್ಡಿ ಇಲ್ಲ. ತನ್ನನ್ನು ತಾನು ಸಾಕಿಕೊಳ್ಳಲಾಗದಿದ್ದರೆ, ಮರುಮದುವೆ ಆಗದಿದ್ದರೆ ಆಕೆ ಜೀವನಾಂಶ ಕೇಳಬಹುದು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 'ಒಪ್ಪಿ ಬೇರೆ ಇರುವುದು' ಮತ್ತು 'ಒಪ್ಪಿ ಡೈವೋರ್ಸ್' ಎರಡು ಬೇರೆ ಸಂಗತಿ. ನಾವು ಎರಡಕ್ಕೂ ಒಂದೇ ಶಬ್ದ ಬಳಸುತ್ತೇವೆ. ಅಲ್ಲೇ ಮೋಸ ಹೋಗುವುದು.

ಇವೆರಡರ ನಡುವೆ ಇನ್ನೊಂದು ದಾರಿ ಉಂಟು. ಮದುವೆ ಮುರಿಯುವುದು ಬೇಡ, ಆದರೆ ಅವನ ಜೊತೆ ಇರಲಿಕ್ಕೂ ಆಗದು ಎನ್ನುವವರು ಕೋರ್ಟಿನಿಂದಲೇ ಬೇರೆ ಇರುವ ಆದೇಶ ಪಡೆಯಬಹುದು. ನ್ಯಾಯಿಕ ಪ್ರತ್ಯೇಕತೆ ಎಂದು ಅದಕ್ಕೆ ಹೆಸರು. ಮದುವೆ ಉಳಿಯುತ್ತದೆ, ಕೂಡಿ ಬಾಳಲೇಬೇಕೆಂಬ ಕಟ್ಟು ಇರುವುದಿಲ್ಲ. ಒಂದು ವರ್ಷದಲ್ಲಿ ಕೂಡದಿದ್ದರೆ ಯಾರಾದರೂ ಡೈವೋರ್ಸ್ ಕೇಳಬಹುದು.

ಮುಸ್ಲಿಂ ಅಕ್ಕ ತಂಗಿಯರ ಬಗ್ಗೆಯೂ ಹೇಳಬೇಕು. ಒಂದೇ ಉಸಿರಿಗೆ ಮೂರು ಸಲ ತಲಾಖ್ ಹೇಳಿದರೆ ಅದು ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ತೀರ್ಪು ಕೊಟ್ಟಿತು. 2019ರ ಕಾಯ್ದೆ ಅದನ್ನು ಅಪರಾಧ ಮಾಡಿತು. ಹೆಣ್ಣೇ ಬಿಡುಗಡೆ ಕೇಳಲು ಖುಲಾ ಇದೆ, 1939ರ ಕಾಯ್ದೆಯಡಿ ಕೋರ್ಟಿಗೂ ಹೋಗಬಹುದು. ತಲಾಖ್ ಆದ ಮುಸ್ಲಿಂ ಮಹಿಳೆಯೂ 125ನೇ ಕಲಮಿನಡಿ ಜೀವನಾಂಶ ಕೇಳಬಹುದು ಎಂದು 2024ರ ಜುಲೈ 10ರ ತೀರ್ಪು ಹೇಳಿದೆ.

ಈಗ ನಮ್ಮದೇ ಭಾಷೆಯ ಒಂದು ಮಾತು. 'ಗಂಡ ಬಿಟ್ಟಾಕಿ' ಅಂತೇವೆ. ಇದರ ಅರ್ಥ ಏನು? ಗಂಡ ಬಿಟ್ಟ ಹೆಂಗಸೋ, ಗಂಡನನ್ನು ಬಿಟ್ಟ ಹೆಂಗಸೋ? ಎರಡೂ ಆಗುತ್ತದೆ. ಹೊಡೆತಕ್ಕೆ ಹೆದರಿ ಮಕ್ಕಳನ್ನು ಎತ್ತಿಕೊಂಡು ಬಂದವಳನ್ನೂ, ಅವನೇ ಹೊರಗೆ ನೂಕಿದವಳನ್ನೂ, ಅವನು ಬೆಂಗಳೂರಿಗೋ ಮಂಗಳೂರಿಗೋ ದುಡಿಯಲು ಹೋಗಿ ತಿರುಗಿ ನೋಡದೇ ಇದ್ದವಳನ್ನೂ ಒಂದೇ ಹೆಸರಿನಿಂದ ಕರೆಯುತ್ತೇವೆ. ಮೂವರ ಮೇಲೂ ಒಂದೇ ಕಳಂಕ. 'ಹೆಂಡ್ತಿ ಬಿಟ್ಟಾಂವ' ಅಂತ ಗಂಡಸನ್ನು ಅಷ್ಟು ಸುಲಭವಾಗಿ ಯಾರೂ ಕರೆಯುವುದಿಲ್ಲ. ನಮ್ಮ ಸಂಘಗಳಲ್ಲಾದರೂ ಈ ಮಾತು ನಿಲ್ಲಲಿ. ಆಕೆಗೆ ಅವಳದೇ ಹೆಸರಿದೆ, ಆ ಹೆಸರಿನಿಂದ ಕರೆಯೋಣ.

ಸರ್ಕಾರಿ ಅರ್ಜಿಯಲ್ಲೂ ಶಬ್ದಕ್ಕೆ ತೂಕವಿದೆ. 2013ರಲ್ಲಿ ಬಂದ ಮನಸ್ವಿನಿ ಪಿಂಚಣಿ 40ರಿಂದ 64 ವಯಸ್ಸಿನ ಬಡ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ ಇರುವುದು. ಹತ್ತು ವರ್ಷದಿಂದ ತವರಲ್ಲಿ ಇದ್ದೇನೆ ಅಂದರೆ 'ವಿಚ್ಛೇದಿತ' ಆದಂತಲ್ಲ. 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವವರಿಗೆ. ತವರಿಗೆ ಬಂದವಳ ಹೆಸರು ಇನ್ನೂ ಅತ್ತೆಯ ಕಾರ್ಡಿನಲ್ಲೇ ಇದ್ದರೆ? ಇದನ್ನೆಲ್ಲ ಕೂತು ವಿಚಾರಿಸುವ ಕೆಲಸ ಸಂಘದ್ದು.

ಕೊನೆಗೆ, ನಾವು ಮಾಡಬೇಕಾದ್ದು ಏನು? ಯಾವ ಕಾಗದಕ್ಕೂ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬಾರದು. "ನಾಳೆ ಒತ್ತುತ್ತೇನೆ, ಸಂಘದಲ್ಲಿ ಕೇಳಿ ಬರುತ್ತೇನೆ" ಅನ್ನುವ ಧೈರ್ಯ ಮಾಡಬೇಕು. ಒತ್ತಿಯಾಗಿದ್ದರೂ ಕೈಚೆಲ್ಲಬಾರದು, ಆ ಕಾಗದದ ನಕಲು ಹಿಡಿದು ವಕೀಲರನ್ನು ಕಾಣಬೇಕು. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ವಕೀಲರು ಉಚಿತ. 1987ರ ಕಾಯ್ದೆಯಡಿ ಹೆಂಗಸರಿಗೆ ಇದಕ್ಕೆ ಆದಾಯದ ಮಿತಿ ಇಲ್ಲ, ಫೋನ್ ಸಂಖ್ಯೆ 15100. ಹೊಡೆತ ಬಡಿತ ನಡೆದಿದ್ದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ದೂರು ಕೊಡಬೇಕು. ಅಂಗನವಾಡಿ ಇಲಾಖೆಯ ಸಿಡಿಪಿಒ ಕಚೇರಿಯಲ್ಲಿ ವಿಚಾರಿಸಿ. ಮಹಿಳಾ ಸಹಾಯವಾಣಿ 181. ಆ ಕಾಯ್ದೆಯ ಪ್ರಕಾರ ಕಾನೂನಿನ ಕ್ರಮವಿಲ್ಲದೆ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ. ಮದುವೆಯಲ್ಲಿ ತವರಿನವರು ಆಕೆಗೆ ಹಾಕಿದ ಒಡವೆ ಆಕೆಯದೇ. ಅದರ ಪಟ್ಟಿ ಬರೆದಿಡಿ. ಜೀವನಾಂಶದ ಅರ್ಜಿಯನ್ನು ತಡಮಾಡದೆ ಹಾಕಿ. ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಎಲ್ಲರೂ ಡೈವೋರ್ಸ್ ಮಾಡಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ, ಮಾಡಿಕೊಳ್ಳಬೇಡಿ ಎಂದೂ ಹೇಳುತ್ತಿಲ್ಲ. ಅದು ಆಯಾ ಹೆಣ್ಣುಮಗಳು ತೀರ್ಮಾನಿಸುವ ವಿಷಯ. ಆದರೆ ಇನ್ನು ಮೇಲೆ ಯಾರಾದರೂ "ಡೈವರ್ಸ್ ಕೊಡ್ತೀನಿ" ಅಂದರೆ, "ಅದು ನೀನು ಕೊಡೋದಲ್ಲ, ಕೋರ್ಟು ಕೊಡೋದು. ನನಗ ಬೇಕಾದ್ರ ನಾನೂ ಕೇಳ್ತೀನಿ" ಎಂದು ಹೇಳುವಷ್ಟು ತಿಳಿವಳಿಕೆ ಪ್ರತಿ ಸಂಘದಲ್ಲೂ ಇರಲಿ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇದನ್ನು ಗಟ್ಟಿಯಾಗಿ ಓದಿ, ಚರ್ಚೆ ಮಾಡಿ. ನಿಮ್ಮೂರಲ್ಲಿ ಇಂಥ ಕಾಗದ ಹಿಡಿದುಕೊಂಡು ಕೂತ ಅಕ್ಕ ಇದ್ದರೆ ಆಕೆಯನ್ನು ಜೊತೆಗೆ ಕರೆದುಕೊಂಡು ಬನ್ನಿ.