ಇಂಧನ ಕಂಪನಿಗಳ ಸಾಮಾಜಿಕ ಹಾಗೂ ಹವಾಮಾನ ಬದ್ಧತೆಗಳು: ಗ್ರಾಮಸಭೆಯ ಪಾತ್ರ

(ಚೌಡಾಪುರದಲ್ಲಿ ಗ್ರಾಮ ಪಂಚಾಯತಿ ಪ್ರತಿನಿಧಿಗಳು ಹಾಗೂ ರೈತರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳು ತೊಗರಿ ಮತ್ತು ಜೋಳದ ಸೀಮೆ. ಇಲ್ಲಿಯ ಬಿಸಿಲು ಬೆಳೆಗೂ ಜನರಿಗೂ ಕಷ್ಟ ಕೊಟ್ಟದ್ದೇ ಹೆಚ್ಚು. ಆ ಬಿಸಿಲಿಗೇ ಇಂದು ಬೆಲೆ ಬಂದಿದೆ. ವಿದ್ಯುತ್ ಕಂಪನಿಗಳು ಒಣಭೂಮಿಯಲ್ಲಿ ಜಮೀನು ಕೇಳುವಾಗ ಸಾಮಾನ್ಯವಾಗಿ ಮೂರು ಭರವಸೆ ನೀಡುತ್ತವೆ: ಸ್ಥಳೀಯರಿಗೆ ಉದ್ಯೋಗ, ಊರಿಗೆ ನೆರವು, ಹವಾಮಾನದ ರಕ್ಷಣೆ. ಈ ಭರವಸೆಗಳನ್ನು ಗ್ರಾಮಸಭೆಯು ಹೇಗೆ ಅಳೆಯಬೇಕು ಎಂಬುದೇ ಇಂದಿನ ವಿಷಯ.

ಇದಕ್ಕೆ ತುಮಕೂರು ಜಿಲ್ಲೆಯ ಪಾವಗಡ ಉತ್ತಮ ಪಾಠವಾಗಿದೆ. ಅಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರ ಮುಂತಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಸ್ಥಾಪನೆಯಾಗಿದೆ. ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವು ರೈತರ ಭೂಮಿಯನ್ನು ಖರೀದಿಸದೆ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ ಎಂಬುದು ಒಪ್ಪಂದ. ಪದೇ ಪದೇ ಬರಕ್ಕೆ ತುತ್ತಾಗುತ್ತಿದ್ದ ತಾಲ್ಲೂಕಿನಲ್ಲಿ ಒಡೆತನ ಉಳಿಸಿಕೊಂಡೇ ಖಚಿತ ಆದಾಯ ಪಡೆಯುವ ಈ ವ್ಯವಸ್ಥೆ ದೇಶದ ಗಮನ ಸೆಳೆಯಿತು.

ಆದರೆ ಗುತ್ತಿಗೆಯ ಹಣವು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ ಸಂದಿತು. ಅದೇ ಹೊಲದಲ್ಲಿ ಕಳೆ ತೆಗೆದು, ರಾಶಿ ಮಾಡಿ ಜೀವಿಸುತ್ತಿದ್ದ ಭೂರಹಿತ ಕೂಲಿಕಾರರಿಗೆ ಕೆಲಸ ಹೋಯಿತು. ಕುರಿಗಾಹಿಗಳಿಗೆ ಮೇವಿನ ನೆಲ ಕಡಿಮೆಯಾಯಿತು. ನಿರ್ಮಾಣದ ಅವಧಿಯಲ್ಲಿ ಅನೇಕ ಕೈಗಳಿಗೆ ಕೆಲಸ ದೊರೆತರೂ, ಘಟಕ ಪೂರ್ಣಗೊಂಡ ಬಳಿಕ ಉಳಿದದ್ದು ಕಾವಲು, ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು ಮುಂತಾದ ಕೆಲವೇ ಕೆಲಸಗಳು. ಈ ಸೀಮೆಯಲ್ಲಿಯೂ ಲಾವಣಿಗೆ ಹೊಲ ಮಾಡುವವರು, ತೊಗರಿ ಕಟ್ಟಿಗೆಯಿಂದ ಒಲೆ ಹೊತ್ತಿಸುವವರು, ಕಣಕಿಯನ್ನು ನಂಬಿ ಎಮ್ಮೆ ಸಾಕುವವರು ಬಹಳಿದ್ದಾರೆ. ಅವರ ಹೆಸರು ಯಾವ ಗುತ್ತಿಗೆ ಪತ್ರದಲ್ಲಿಯೂ ಇರುವುದಿಲ್ಲ. ಅವರನ್ನು ಲೆಕ್ಕಕ್ಕೆ ತರುವುದು ಗ್ರಾಮಸಭೆಯ ಮೊದಲ ಹೊಣೆ.

ಎರಡನೆಯದು, ಊರಿನ ನೆರವು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ತಲುಪಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸತಕ್ಕದ್ದು. ತಾನು ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಅದೇ ಕಲಮು ಹೇಳುತ್ತದೆ. ಆದರೆ ಅನೇಕ ಸೌರ ಘಟಕಗಳನ್ನು ದೊಡ್ಡ ಸಂಸ್ಥೆಗಳು ಪ್ರತ್ಯೇಕ ಸಣ್ಣ ಕಂಪನಿಗಳ ಹೆಸರಿನಲ್ಲಿ ನಡೆಸುತ್ತವೆ. ಆ ಸಣ್ಣ ಕಂಪನಿ ಈ ಮಿತಿಗಳನ್ನು ತಲುಪದೆ ಇರಬಹುದು. ಆದುದರಿಂದ ಹೊಣೆ ಯಾರದು, ಮಾತೃ ಸಂಸ್ಥೆಯದೇ ಅಥವಾ ಘಟಕದ ಕಂಪನಿಯದೇ ಎಂಬುದನ್ನು ಆರಂಭದಲ್ಲಿಯೇ ಲಿಖಿತವಾಗಿ ಪಡೆಯಬೇಕು. ಗುತ್ತಿಗೆ ಹಣವು ಭೂಮಿಯ ಬಾಡಿಗೆ, ಸಂಬಳವು ದುಡಿಮೆಯ ಫಲ, ತನ್ನ ಘಟಕಕ್ಕೆ ಹಾಕಿಕೊಂಡ ರಸ್ತೆ ಕಂಪನಿಯ ಸ್ವಂತ ಅಗತ್ಯ. ಇವನ್ನು ಊರಿಗೆ ನೀಡಿದ ನೆರವೆಂದು ಎಣಿಸಲಾಗದು.

ಮೂರನೆಯದು, ಹವಾಮಾನ. 2070ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆ ಸಾಧಿಸುವುದಾಗಿ ಭಾರತವು 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಘೋಷಿಸಿತು. ಈ ಗುರಿ ದೂರದ ಮಾತಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ಪ್ರವಾಹ ಕಂಡ ತೀರದ ಊರುಗಳಿಗೆ ಮಳೆಯ ಏರುಪೇರು ಏನೆಂಬುದು ಗೊತ್ತಿದೆ. ಕಲ್ಲಿದ್ದಲು ಸುಡದ ವಿದ್ಯುತ್ ದೇಶಕ್ಕೆ ಅವಶ್ಯ. ಆದರೆ ದೇಶದ ಲೆಕ್ಕದಲ್ಲಿ ಇಂಗಾಲ ಕಡಿಮೆಯಾದ ಮಾತ್ರಕ್ಕೆ ಊರಿನ ಪರಿಸರ ಸುರಕ್ಷಿತವಾಯಿತೆಂದು ಅರ್ಥವಲ್ಲ. ಫಲಕ ತೊಳೆಯುವ ನೀರು ಎಲ್ಲಿಯದು? ಎರಿಭೂಮಿಯ ಮಳೆನೀರು ಹರಿಯುವ ಹಳ್ಳ ಮುಚ್ಚಿಹೋಗುವುದೇ? ಆಯುಷ್ಯ ಮುಗಿದ ಫಲಕಗಳನ್ನು ಯಾರು ಒಯ್ಯುವರು? 2022ರ ಇ-ತ್ಯಾಜ್ಯ ನಿಯಮಗಳು ಸೌರ ಫಲಕಗಳಿಗೂ ಅನ್ವಯಿಸುವುದರಿಂದ ಕೊನೆಯ ಪ್ರಶ್ನೆಯನ್ನು ಕೇಳಲು ಕಾನೂನಿನ ಬಲವೂ ಇದೆ.

ಆದುದರಿಂದ ಪ್ರಸ್ತಾವನೆ ಬಂದಾಗ ಗ್ರಾಮ ಪಂಚಾಯತಿಗಳು ಕೆಳಗಿನ ಕ್ರಮ ಅನುಸರಿಸುವುದು ಒಳಿತು:

1. ಭೂಮಾಲೀಕರ ಪಟ್ಟಿಯ ಜೊತೆಗೆ ಕೂಲಿಕಾರರು, ಲಾವಣಿದಾರರು, ಕುರಿಗಾಹಿಗಳ ಪಟ್ಟಿಯನ್ನು ವಾರ್ಡ್ ಸಭೆಗಳಲ್ಲಿ ಸಿದ್ಧಪಡಿಸುವುದು.
2. ಗಾಯರಾಣ, ಹಳ್ಳ, ಬಂಡಿದಾರಿಗಳನ್ನು ನಕ್ಷೆಯಲ್ಲಿ ಗುರುತಿಸುವುದು.
3. ಪ್ರತಿ ಭರವಸೆಯ ಮುಂದೆ ಮೊತ್ತ, ವರ್ಷ ಮತ್ತು ಹೊಣೆಗಾರರ ಹುದ್ದೆಯನ್ನು ನಡಾವಳಿಯಲ್ಲಿ ದಾಖಲಿಸುವುದು.
4. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಆ ನಡಾವಳಿಯನ್ನು ಓದಿ, ಈಡೇರಿದ್ದು ಯಾವುದು, ಉಳಿದದ್ದು ಯಾವುದು ಎಂದು ಪರಿಶೀಲಿಸುವುದು.

ಗುತ್ತಿಗೆಯ ಅವಧಿ ಒಂದು ತಲೆಮಾರಿನಷ್ಟು ದೀರ್ಘವಾದುದು. ಇಂದು ಮಾತು ಕೊಟ್ಟ ಅಧಿಕಾರಿಗಳೂ, ಅದನ್ನು ಕೇಳಿದ ಸದಸ್ಯರೂ ಅಷ್ಟು ಕಾಲ ಅದೇ ಸ್ಥಾನದಲ್ಲಿ ಇರುವುದಿಲ್ಲ. ನಡಾವಳಿ ಪುಸ್ತಕ ಮಾತ್ರ ಉಳಿಯುತ್ತದೆ. ಅದರಲ್ಲಿ ಭೂಮಿಯಿಲ್ಲದವರ ಹೆಸರೂ ಇರುವಂತೆ ನೋಡಿಕೊಳ್ಳುವುದು ಸಭೆಯಲ್ಲಿ ಕುಳಿತ ಪ್ರತಿಯೊಬ್ಬರ ಕರ್ತವ್ಯ.