ಮೂರ್ಛೆಯನ್ನು ಗುರುತಿಸುವ ಬಗೆ: ಮಿದುಳಿನ ಅಲೆ, ಮಿದುಳಿನ ಚಿತ್ರ ಮತ್ತು ಕಂಡವರ ಮಾತು



ಮೂರ್ಛೆರೋಗದ ವೈದ್ಯಸಾಹಿತ್ಯದಲ್ಲಿ ಕರ್ನಾಟಕದ ಹೆಸರು ಎದ್ದು ಕಾಣುವ ಒಂದು ಅಧ್ಯಾಯವಿದೆ. ಅದು ಬಿಸಿನೀರಿನ ಮೂರ್ಛೆ. ತಲೆಗೆ ಬಿಸಿನೀರು ಹುಯ್ದುಕೊಳ್ಳುತ್ತಿರುವಾಗಲೇ ಫಿಟ್ಸ್ ಬರುವ ಈ ಬಗೆಯನ್ನು 1945ರಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲು ವರದಿ ಮಾಡಿದರು. ಅಲ್ಲಿ ಅದು ಅಪರೂಪದ ಸಂಗತಿಯಾಗಿಯೇ ಉಳಿಯಿತು. ಬೆಂಗಳೂರಿನಲ್ಲಿ ಹಾಗಾಗಲಿಲ್ಲ. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದನ್ನು ಬರೆದಿಟ್ಟರು. ಕೆಲವೇ ವರ್ಷಗಳಲ್ಲಿ ಅವರ ಪಟ್ಟಿ ನೂರು ದಾಟಿತು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಡಾ. ಮಣಿಯವರು ಮುಂದೆ ಯಳಂದೂರಿನ ಸುತ್ತ ಮನೆಮನೆಗೆ ಜನರನ್ನು ಕಳಿಸಿ ಮೂರ್ಛೆರೋಗದ ಸಮೀಕ್ಷೆ ಮಾಡಿಸಿದಾಗ ಅಲ್ಲಿಯೂ ಈ ಬಗೆ ಸಿಕ್ಕಿತು. ಸತ್ಯಮಂಗಲದಿಂದ ದಿಂಬಂ ಘಾಟಿ ಹತ್ತಿ, ಹಾಸನೂರು, ಚಾಮರಾಜನಗರ ದಾಟಿದರೆ ಅದೇ ಯಳಂದೂರು. ಕೊಯಮತ್ತೂರು, ತಿರುಪ್ಪೂರಿನಿಂದ ಬಂದು ಇಲ್ಲಿ ಕುಳಿತಿರುವ ಎಷ್ಟೋ ಕನ್ನಡ ಮನೆಗಳಿಗೆ ಆ ದಾರಿಯಲ್ಲಿ ನೆಂಟಸ್ತಿಕೆ ಇದೆ.

ಕಾರಣದ ಒಂದು ಭಾಗ ನಮ್ಮ ಬಚ್ಚಲಲ್ಲೇ ಇದೆ. ಹಂಡೆಯಲ್ಲಿ ಕಾದ, ಮೈ ಸುಡುವಷ್ಟು ಬಿಸಿಯಾದ ನೀರನ್ನು ಚೊಂಬಿನಲ್ಲಿ ಮೊಗೆದು ಒಂದರ ಹಿಂದೊಂದು ನೆತ್ತಿಗೆ ಸುರಿಯುತ್ತೇವೆ. ಆ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಇನ್ನೊಂದು ಭಾಗ ಹುಟ್ಟಿನಿಂದ ಬಂದ ಒಲವು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಇರುವುದುಂಟು. ಕೆಲವು ಮಕ್ಕಳು ಕರೆದರೂ ಓಗೊಡದೆ ನೀರು ಸುರಿದುಕೊಳ್ಳುತ್ತಲೇ ಹೋಗುತ್ತಾರೆ. ತಾಯಿ ಅದನ್ನು ಹಟ ಎಂದುಕೊಳ್ಳುತ್ತಾಳೆ. ಆಗಲೇ ಫಿಟ್ಸ್ ಶುರುವಾಗಿರುತ್ತದೆ.

ಈ ಮಗುವನ್ನು ಆಸ್ಪತ್ರೆಗೆ ಕರೆತಂದು ಮಿದುಳಿನ ಅಲೆಗಳನ್ನು ಬರೆದುಕೊಳ್ಳುವ ಇಇಜಿ ಮಾಡಿಸಿದರೆ ಹೆಚ್ಚಿನವರಲ್ಲಿ ಏನೂ ಸಿಗುವುದಿಲ್ಲ. ಎಂಆರ್‌ಐ ಎಂಬ ಮಿದುಳಿನ ಚಿತ್ರ ಸಹ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಎರಡೂ ಕಾಗದದ ಮೇಲೆ 'ನಾರ್ಮಲ್' ಎಂದು ಬರೆದಿರುತ್ತದೆ, ಮಗು ಮಾತ್ರ ಮುಂದಿನ ವಾರದ ಎಣ್ಣೆನೀರಿನ ದಿನ ಮತ್ತೆ ಬೀಳುತ್ತದೆ. ಸ್ನಾನದ ನಡುವೆ ಫಿಟ್ಸ್ ತರಿಸಿ ಮಿದುಳಿನ ರಕ್ತಸಂಚಾರವನ್ನು ಸ್ಪೆಕ್ಟ್ ಸ್ಕ್ಯಾನಿನಲ್ಲಿ ಹಿಡಿದ ನಿಮ್ಹಾನ್ಸ್‌ನ ಕೆಲವೇ ಅಧ್ಯಯನಗಳಲ್ಲಿ ಟೆಂಪೊರಲ್ ಲೋಬಿನ ಒಳಭಾಗವೂ ಹೈಪೊಥಲಾಮಸ್ಸೂ ಕೆರಳಿದ್ದು ಕಂಡಿತು. ಅದು ಸಂಶೋಧನೆಯ ಮಾತು. ಊರಿನ ಆಸ್ಪತ್ರೆಯಲ್ಲಿ ಆಗುವಂಥದ್ದಲ್ಲ. ಇಲ್ಲಿ ರೋಗವನ್ನು ಹಿಡಿದುಕೊಡುವುದು "ತಲೆಗೆ ನೀರು ಹಾಕುವಾಗ ಮಾತ್ರ ಬರುತ್ತೆ ಸಾರ್" ಎಂಬ ತಾಯಿಯ ಒಂದು ಮಾತು. ಆ ಮಾತು ಸಿಕ್ಕರೆ ಪರಿಹಾರವೂ ಬಹುಮಟ್ಟಿಗೆ ಸುಲಭ: ನೀರಿನ ಬಿಸಿ ಇಳಿಸುವುದು, ಬೇಕಾದವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ವೈದ್ಯರು ಹೇಳಿದ ಪ್ರಮಾಣದಲ್ಲಿ ಕ್ಲೋಬಜಾಮ್ ಕೊಡುವುದು.

ಯಂತ್ರವನ್ನು ಕಡೆಗಣಿಸಲು ಇದನ್ನು ಹೇಳುತ್ತಿಲ್ಲ. ಯಂತ್ರಕ್ಕೆ ನಾವು ಸರಿಯಾದ ಪ್ರಶ್ನೆ ಕೇಳಬೇಕು, ಆ ಪ್ರಶ್ನೆ ಹುಟ್ಟುವುದು ಫಿಟ್ಸನ್ನು ಕಣ್ಣಾರೆ ಕಂಡವರ ಬಾಯಿಂದ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಇಇಜಿ ಕೋಣೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಕರೆಂಟ್ ಕೊಡುತ್ತಾರೆಂದು ಹೆದರಿ ವಾಪಸು ಹೋದವರಿದ್ದಾರೆ. ಯಾವ ಕರೆಂಟೂ ಕೊಡುವುದಿಲ್ಲ. ಮಿದುಳಿನಲ್ಲಿ ತಾನಾಗಿ ಏಳುವ ವಿದ್ಯುತ್ತನ್ನು ಬರೆದುಕೊಳ್ಳುತ್ತಾರೆ, ಅಷ್ಟೇ. ಎಣ್ಣೆ ಇಲ್ಲದಂತೆ ತಲೆ ತೊಳೆದುಕೊಂಡು ಬರಬೇಕು, ಮುಡಿದ ಮಲ್ಲಿಗೆಯನ್ನು ತೆಗೆದಿಡಬೇಕು. ಟೆಕ್ನೀಷಿಯನ್ ಟೇಪು ಹಿಡಿದು ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಕಿವಿಯಿಂದ ಕಿವಿಗೆ ಅಳೆದು, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಪೇಸ್ಟು ಹಚ್ಚಿ ಇಪ್ಪತ್ತೊಂದು ಪುಟ್ಟ ಬಟ್ಟಲುಗಳನ್ನು ಅಂಟಿಸುತ್ತಾರೆ. ಅಳತೆಯ ಒಂದೊಂದು ಹೆಜ್ಜೆಯೂ ಒಟ್ಟು ದೂರದ ಶೇಕಡಾ 10 ಅಥವಾ 20. ಆದ್ದರಿಂದಲೇ ಸಣ್ಣ ತಲೆಯಾಗಲಿ ದೊಡ್ಡ ತಲೆಯಾಗಲಿ, ಬಟ್ಟಲು ಮಿದುಳಿನ ಅದೇ ಭಾಗದ ಮೇಲೆ ಕೂರುತ್ತದೆ. "ಕಣ್ಣು ಮುಚ್ಚಿ" ಎಂದೊಡನೆ ಹಿಂದಲೆಯ ಗೆರೆಗಳಲ್ಲಿ ಸೆಕೆಂಡಿಗೆ ಎಂಟರಿಂದ ಹದಿಮೂರು ಅಲೆಗಳು ಸಾಲಾಗಿ ಮೂಡುತ್ತವೆ. ಕಣ್ಣು ಬಿಟ್ಟೊಡನೆ ಅಡಗುತ್ತವೆ. ಜರ್ಮನಿಯ ಯೇನಾ ನಗರದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಹಿಡಿದು, 1929ರಲ್ಲಿ ಪ್ರಕಟಿಸಿದ ಅಲೆಗಳು ಇವೇ. ಅವುಗಳ ಎತ್ತರ ಐವತ್ತು ಮೈಕ್ರೊವೋಲ್ಟಿನ ಆಸುಪಾಸು, ಟಾರ್ಚಿನ ಸೆಲ್ಲಿನ ಮೂವತ್ತು ಸಾವಿರದಲ್ಲಿ ಒಂದು ಪಾಲು. ಆಮೇಲೆ ಮೂರು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ, ಮಿನುಗುವ ದೀಪ ತೋರಿಸುತ್ತಾರೆ, ಸಾಧ್ಯವಾದರೆ ನಿದ್ದೆಯನ್ನೂ ಬರೆದುಕೊಳ್ಳುತ್ತಾರೆ.

ಅರ್ಧ ಗಂಟೆಯ ಈ ಬರಹದಲ್ಲಿ ಫಿಟ್ಸ್ ಬರುವುದು ಅಪರೂಪ. ಎರಡು ಫಿಟ್ಸ್‌ಗಳ ನಡುವಿನ ಮಿದುಳು ಏನಾದರೂ ಸುಳಿವು ಬಿಡುತ್ತದೆಯೇ ಎಂದು ಹುಡುಕುತ್ತೇವೆ. ಮೂರ್ಛೆರೋಗ ಇರುವವರಲ್ಲೇ ಹೆಚ್ಚುಕಡಿಮೆ ಅರ್ಧದಷ್ಟು ಜನರ ಮೊದಲ ಇಇಜಿಯಲ್ಲಿ ಆ ಸುಳಿವು ಇರುವುದಿಲ್ಲ. ಇನ್ನೊಂದೆಡೆ, ಎಂದೂ ಫಿಟ್ಸ್ ಬಾರದ ಕೆಲವರಲ್ಲೂ ಅದು ಕಾಣುವುದುಂಟು. ಹೀಗಾಗಿ ಬರೀ ಕಾಗದ ನೋಡಿ ರೋಗ ಇದೆ ಎನ್ನುವುದೂ ಇಲ್ಲ ಎನ್ನುವುದೂ ಎರಡೂ ತಪ್ಪು.

ಇನ್ನು ತಿರುಪ್ಪೂರಿಗೆ ಬರೋಣ. ಬನಿಯನ್ ಕಂಪನಿಗಳಲ್ಲಿ ಎಕ್ಸ್‌ಪೋರ್ಟ್ ಆರ್ಡರ್ ಇದ್ದಾಗ ರಾತ್ರಿ ಪಾಳಿ. ಹದಿನೇಳು, ಹದಿನೆಂಟರ ಹುಡುಗ ಹುಡುಗಿಯರು ಎರಡು ರಾತ್ರಿ ನಿದ್ದೆಗೆಟ್ಟು ಬೆಳಿಗ್ಗೆ ಎದ್ದಾಗ ಭುಜ, ಕೈ ಝಟ್ಟನೆ ಎಗರುತ್ತವೆ. ಹಲ್ಲುಜ್ಜುವ ಬ್ರಶ್ ಹಾರಿಹೋಗುತ್ತದೆ, ಕಾಫಿ ಲೋಟ ಕೈಜಾರುತ್ತದೆ. "ನಿದ್ದೆಗಣ್ಣು" ಎಂದು ಬೈಸಿಕೊಂಡು ಸುಮ್ಮನಾಗುತ್ತಾರೆ. ಒಂದು ದಿನ ಬೆಳಿಗ್ಗೆ ದೊಡ್ಡ ಫಿಟ್ಸೇ ಬಂದು ಬೀಳುತ್ತಾರೆ. ಸುತ್ತಲಿನವರು ಕೈಗೆ ಬೀಗದ ಕೈ ತುರುಕುತ್ತಾರೆ. ಆಸ್ಪತ್ರೆಯಲ್ಲಿ ಹೇಳುವುದು ಆ ದೊಡ್ಡ ಫಿಟ್ಸಿನ ಕಥೆ ಮಾತ್ರ. ಲೋಟ ಬಿದ್ದ ವಿಷಯ ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಕೇಳಿದ್ದರೆ ಅದು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ ಎಂದು ಅಲ್ಲೇ ಅನುಮಾನ ಬರುತ್ತಿತ್ತು, ನಿದ್ದೆಗೆಡಿಸಿ ಮಾಡಿದ ಇಇಜಿಯಲ್ಲಿ ಎರಡೂ ಬದಿಯ ಮಿದುಳಿನಲ್ಲಿ ಒಟ್ಟಿಗೆ ಸಿಡಿಯುವ ಚೂಪಾದ ಅಲೆಗಳ ಗೊಂಚಲು ಸಿಗುವ ಸಾಧ್ಯತೆ ಹೆಚ್ಚುತ್ತಿತ್ತು. ಇದು ಬರೀ ಹೆಸರಿಡುವ ವಿಷಯವಲ್ಲ. ಬೇರೆ ಬಗೆಯ ಮೂರ್ಛೆಗೆ ಒಳ್ಳೆಯ ಮದ್ದಾದ ಕಾರ್ಬಮಜೆಪಿನ್ ಇವರಲ್ಲಿ ಎಗರುವಿಕೆಯನ್ನು ಹೆಚ್ಚಿಸಬಹುದು. ಇವರ ಎಂಆರ್‌ಐ ಸಹಜವಾಗಿರುತ್ತದೆ. ಸಾಲ ಮಾಡಿ ಮೂರು ಸಲ ಸ್ಕ್ಯಾನ್ ಮಾಡಿಸಿದರೂ ಸಹಜವಾಗಿಯೇ ಇರುತ್ತದೆ. ಬೇಕಾಗಿರುವುದು ಸರಿಯಾದ ಮಾತ್ರೆ ಮತ್ತು ರಾತ್ರಿಯ ನಿದ್ದೆ. ರಾತ್ರಿ ಪಾಳಿ ಬಿಡಿಸಿ ಎಂದು ನಾವು ಬರೆದುಕೊಟ್ಟ ಚೀಟಿಗೆ ಮೇಸ್ತ್ರಿಗಳು ಬೆಲೆ ಕೊಡಬೇಕು. ಇದನ್ನು ಈ ಸಭೆಯಲ್ಲಿರುವ ಉದ್ಯಮಿಗಳಲ್ಲಿ ಕೈಮುಗಿದು ಕೇಳುತ್ತೇನೆ.

ಚಿತ್ರವೇ ಎಲ್ಲವನ್ನೂ ಬದಲಿಸಿದ ಉದಾಹರಣೆಯೂ ತಮಿಳುನಾಡಿನದೇ. ಸಿಟಿ ಸ್ಕ್ಯಾನ್ ಬಂದ ಹೊಸದರಲ್ಲಿ, ಫಿಟ್ಸ್ ಬಂದ ಭಾರತೀಯ ರೋಗಿಗಳ ಮಿದುಳಿನಲ್ಲಿ ಕಡಲೆಕಾಳಿನಷ್ಟು ಒಂಟಿ ಗಂಟು ಕಾಣುತ್ತಿತ್ತು. ಕ್ಷಯದ ಗಂಟೆಂದು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಮ್ಯಾಥ್ಯೂ ಚಾಂಡಿ, ಡಾ. ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಅಂಥ ಗಂಟುಗಳನ್ನು ತೆಗೆದು ಪರೀಕ್ಷಿಸಿದಾಗ ಹೆಚ್ಚಿನವು ಹಂದಿಯ ಲಾಡಿಹುಳುವಿನ ಮರಿಯಿಂದಾದವು ಎಂದು ತಿಳಿಯಿತು. ಆ ಹುಳುವಿನ ಮೊಟ್ಟೆ ಮನುಷ್ಯರ ಮಲದಿಂದ ನೀರಿಗೆ, ಸೊಪ್ಪಿಗೆ, ಕೈಗೆ ಅಂಟಿ ಬರುತ್ತದೆ. ಮಾಂಸ ಮುಟ್ಟದ ಮನೆಗಳಿಗೂ ಬರುತ್ತದೆ. ಗಂಟು 20 ಮಿಲಿಮೀಟರಿಗಿಂತ ಚಿಕ್ಕದಿದ್ದು, ಬೇರೆ ತೊಂದರೆಗಳಿಲ್ಲದಿದ್ದರೆ ಸಾಮಾನ್ಯವಾಗಿ ತಾನೇ ಕರಗುತ್ತದೆ. ಎಷ್ಟೋ ತಲೆಗಳು ಆಪರೇಷನ್ನಿನಿಂದಲೂ ಬೇಡದ ಟಿಬಿ ಮಾತ್ರೆಯಿಂದಲೂ ಉಳಿದವು.

ಎಂಆರ್‌ಐಗೂ ಕಂಡವರ ಮಾತೇ ದಾರಿ ತೋರಬೇಕು. ಊಟಕ್ಕೆ ಮೊದಲೋ, ದೇವರ ಮುಂದೆಯೋ ಒಬ್ಬರು ಸುಮ್ಮನೆ ಕಣ್ಣರಳಿಸಿ ಕೂತು, ತುಟಿ ಚಪ್ಪರಿಸುತ್ತಾ, ಸೆರಗನ್ನು ತಡಕಾಡುತ್ತಾರೆ. ಎರಡು ನಿಮಿಷದ ಮೇಲೆ ಏನೂ ನೆನಪಿಲ್ಲ. ಮನೆಯವರು ಗಾಳಿ ಸೋಕು ಎಂದು ಮಂತ್ರಿಸಿದ ದಾರ ಕಟ್ಟಿಸಿರುತ್ತಾರೆ. ಇದನ್ನು ವೈದ್ಯರಿಗೆ ವರ್ಣಿಸಿ ಹೇಳಿದರೆ, ಟೆಂಪೊರಲ್ ಲೋಬಿನ ಒಳಗಿರುವ ಹಿಪೊಕ್ಯಾಂಪಸ್ಸನ್ನು ತೆಳು ಪದರುಗಳಲ್ಲಿ ತೋರಿಸುವ ಎಪಿಲೆಪ್ಸಿ ಪ್ರೋಟೊಕಾಲ್ ಸ್ಕ್ಯಾನ್ ಮಾಡಿಸುತ್ತಾರೆ. ವರ್ಣಿಸದಿದ್ದರೆ ಮಾಮೂಲಿ ಸ್ಕ್ಯಾನ್ ಆಗುತ್ತದೆ, ಸುಕ್ಕಿದ ಹಿಪೊಕ್ಯಾಂಪಸ್ ಅದರಲ್ಲಿ ತಪ್ಪಿಹೋಗಬಹುದು. ಮಾತ್ರೆಗೆ ಬಗ್ಗದ ಇಂಥ ಮೂರ್ಛೆಗೆ ಶಸ್ತ್ರಚಿಕಿತ್ಸೆ ಇದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ 1995ರಿಂದ ಅದು ನಡೆಯುತ್ತಿದೆ. ಹಗಲು ರಾತ್ರಿ ವಿಡಿಯೊ ಇಇಜಿಯಲ್ಲಿಟ್ಟು, ಫಿಟ್ಸ್ ಎಲ್ಲಿ ಹುಟ್ಟುತ್ತದೆ ಎಂಬುದು ಅಲೆಯಲ್ಲೂ ಚಿತ್ರದಲ್ಲೂ ಕಣ್ಣಿಗೆ ಕಂಡದ್ದರಲ್ಲೂ ಒಂದೇ ಕಡೆ ಕೂಡಿಬಂದರೆ ಮಾತ್ರ ಕತ್ತರಿ ಹಿಡಿಯುತ್ತಾರೆ.

ಕಂಡವರ ಬಾಯಿ ಕಟ್ಟುವುದು ಮದುವೆಯ ಚಿಂತೆ. ಹಿಂದೂ ವಿವಾಹ ಕಾಯ್ದೆಯಿಂದ ಮೂರ್ಛೆರೋಗದ ತೊಡಕನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಆದರೂ 'ನಾರ್ಮಲ್' ಎಂಬ ಒಂದು ಕಾಗದಕ್ಕಾಗಿ ಊರೂರು ಅಲೆದು ಇಇಜಿ ಮಾಡಿಸುವ ತಂದೆತಾಯಿಯರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಆ ಹಣದಲ್ಲಿ ವರ್ಷಕ್ಕಾಗುವಷ್ಟು ಮಾತ್ರೆ ಬರುತ್ತಿತ್ತು.

ಆಸ್ಪತ್ರೆಗೆ ಬರುವಾಗ ಫಿಟ್ಸನ್ನು ಕಂಡವರನ್ನೇ ಕರೆತನ್ನಿ. ಅದು ಅಜ್ಜಿಯಾದರೂ ಸರಿ, ಪಕ್ಕದ ಮೆಷಿನ್ನಿನ ಹುಡುಗಿಯಾದರೂ ಸರಿ. ಒಬ್ಬರು ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಲಿ, ಇನ್ನೊಬ್ಬರು ಫೋನಿನಲ್ಲಿ ಚಿತ್ರೀಕರಿಸಲಿ: ಮುಖ ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಅದುರಿತು, ಕಣ್ಣು ತೆರೆದಿತ್ತೇ ಮುಚ್ಚಿತ್ತೇ, ಎಷ್ಟು ನಿಮಿಷ. ಐದು ನಿಮಿಷ ದಾಟಿದರೆ ಫೋನು ಕೆಳಗಿಟ್ಟು 108ಕ್ಕೆ ಕರೆ ಮಾಡಿ. ನನ್ನ ವೈದ್ಯಬಂಧುಗಳಿಗೂ ಒಂದು ಕೋರಿಕೆ: ಇಇಜಿ ಚೀಟಿಯಲ್ಲಿ 'ಫಿಟ್ಸ್' ಎಂದು ಒಂದೇ ಪದ ಗೀಚಿ ಕಳಿಸಬೇಡಿ. ಆ ತಾಯಿ ಹೇಳಿದ್ದನ್ನು ಎರಡು ಸಾಲಿನಲ್ಲಿ ಬರೆಯಿರಿ. ಅಲೆಗಳನ್ನು ಓದುವವರು ಎಲ್ಲಿ ಕಣ್ಣಿಡಬೇಕೆಂದು ಆ ಎರಡು ಸಾಲು ತಿಳಿಸುತ್ತವೆ.